ತವರಿನ ಗೋಡು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಗಾದೆ ಮಾಡಿಟ್ಟು ಹೋದರು. ನೀರಿನ ತಳದಲ್ಲಿ ಕೂತ ಮಣ್ಣೆಲ್ಲ ಗೋಡಲ್ಲ ಎಂದು ಮಾತ್ರ ಯಾರೂ ಹೇಳಿ ಹೋಗಲಿಲ್ಲ. ಹೇಳಿದ್ದರೆ ಕರೇಕಲ್ಲು ಪಾಳ್ಯದ ಲಕ್ಷ್ಮೀನರಸಿಂಹಯ್ಯನಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಕೈಚೀಲದ ತುಂಬ ಮಣ್ಣು ಹೊತ್ತುಕೊಂಡು, ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಕಳ್ಳನ ಹಾಗೆ ಮುದುಡಿ ಕೂರುವ ಗತಿ ಬರುತ್ತಿರಲಿಲ್ಲ.

"ಏನ್ ಯಜಮಾನ್ರೆ, ಚೀಲ ಇಷ್ಟು ಭಾರ ಐತೆ?" ಎಂದ ಕಂಡಕ್ಟರ್, ಕಾಲಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳುತ್ತಾ.

"ಮಣ್ಣು ಕಣಪ್ಪ. ಪರೀಕ್ಷೆಗೆ ಒಯ್ತಾ ಇದೀನಿ."

"ಮಣ್ಣಿಗೂ ಪರೀಕ್ಷೆ ಬಂತಾ? ಪಾಸಾಗ್ಲಿ ಬುಡಿ," ಎಂದು ಕಂಡಕ್ಟರ್ ಟಿಕೆಟ್ ಹರಿದು ಮುಂದೆ ಹೋದ. ಅಕ್ಕಪಕ್ಕದವರು ನಕ್ಕರು. ಲಕ್ಷ್ಮೀನರಸಿಂಹಯ್ಯನಿಗೆ ನಗು ಬರಲಿಲ್ಲ. ಆ ಮಣ್ಣು ಫೇಲಾಗುತ್ತದೆ ಎನ್ನುವುದು ಅವನಿಗೆ ಒಂದು ವರ್ಷದಿಂದ ಗೊತ್ತಿತ್ತು.

ಗೋಡು ಎಂದರೆ ಕೆರೆಯ ಹೂಳು. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಅದನ್ನು ಬಗೆದು ತೆಂಗಿನ ತೋಟಕ್ಕೆ ಹೊಡೆಸುವುದು ಈ ಸೀಮೆಯವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ಒಂದು ಸಲ ಗೋಡು ಹೊಡೆಸಿದರೆ ಹತ್ತು ವರ್ಷ ಮರ ನಗುತ್ತದೆ ಎನ್ನುತ್ತಾರೆ. ಲಕ್ಷ್ಮೀನರಸಿಂಹಯ್ಯನ ಅಪ್ಪ ಕರೇಕಲ್ಲು ಪಾಳ್ಯ ಮತ್ತು ಮಾರನಕಟ್ಟೆ ಎರಡೂ ಊರಿಗೆ ಸೇರಿದ ಕೆರೆಯ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ತೋಟಕ್ಕೆ ಎಷ್ಟು ಗಾಡಿ ಗೋಡು, ಎಲ್ಲ ಅವನ ಮಾತಿನ ಮೇಲೆ ನಡೆಯುತ್ತಿತ್ತು. ಏರಿಯ ಮೇಲಿನ ಹೊಂಗೆಮರದ ಕೆಳಗೆ ಕೋಲು ಹಿಡಿದು ಕೂತರೆ ಸಂಜೆಯವರೆಗೂ ಅವನು ಏಳುತ್ತಿರಲಿಲ್ಲ. ಒಂದಕ್ಷರ ಬರೆದಿಡುತ್ತಿರಲಿಲ್ಲ, ಒಂದು ಗಾಡಿ ತಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಕೂತಿರುತ್ತಿದ್ದ ಮಗ ನೀರುಗಂಟಿತನವನ್ನು ಕಲಿಯಲಿಲ್ಲ, ಆ ಹೊತ್ತಿಗೆ ಮನೆಮನೆಗೂ ಬೋರ್‌ವೆಲ್ ಬಂದಿತ್ತು. ಆದರೆ ಆ ನೆನಪಿನ ಶಕ್ತಿ ಮತ್ತು ಹಂಚುವ ಗತ್ತು ಎರಡೂ ಅವನಿಗೆ ಬಳುವಳಿಯಾಗಿ ಬಂದವು.

ಊರಿನ ಪಡುವಲ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ ಜೋರಾಗಿದ್ದ ಕಾಲಕ್ಕೆ ಅವನು ಗೇಟಿನಲ್ಲಿ ಟಿಪ್ಪರ್ ಎಣಿಸುವ ಕೆಲಸಕ್ಕೆ ಸೇರಿದ. ಕೆಂಪು ಧೂಳು ತಿಂದು, ಕೆಂಪು ಉಗುಳು ಉಗುಳಿ, ಬಿಳಿ ಅಂಗಿಯ ಆಸೆಯನ್ನೇ ಬಿಟ್ಟ. ಆಮೇಲೆ ಕೋರ್ಟಿನ ಆದೇಶ ಬಂದು ಒಂದೇ ದಿನದಲ್ಲಿ ಎಲ್ಲ ನಿಂತಿತು. ಕೆಲವು ವರ್ಷ ಗಣಿಗೆ ಅವನೊಬ್ಬನೇ ಕಾವಲುಗಾರ, ಜೊತೆಗೆ ಎರಡು ನಾಯಿ. ಕೊನೆಗೆ ಸರ್ಕಾರ ಒಂದು ಷರತ್ತು ಹಾಕಿತು: ಅಗೆದವರು ಹಾಗೇ ಎದ್ದು ಹೋಗುವಂತಿಲ್ಲ, ಗುಡ್ಡವನ್ನು ಮತ್ತೆ ಹಸಿರು ಮಾಡಿ, ಮಣ್ಣು ಕೆಳಗಿಳಿಯದ ಹಾಗೆ ಕಟ್ಟೆ ಕಟ್ಟಿ ಹೋಗಬೇಕು. ಸತ್ತವನ ಮುಖಕ್ಕೆ ಪೌಡರ್ ಹಚ್ಚುತ್ತಾರಂತೆ ಎಂದು ಊರಿನವರು ಆಡಿಕೊಂಡರು. ಕಂಪನಿಯ ಮ್ಯಾನೇಜರ್ ಬಸವಪ್ರಭು ಈ ಪೌಡರ್ ಹಚ್ಚುವ ಕೆಲಸಕ್ಕೆ ಲಕ್ಷ್ಮೀನರಸಿಂಹಯ್ಯನನ್ನೇ ಸೂಪರ್‌ವೈಸರ್ ಮಾಡಿದ.

ಮನುಷ್ಯನಿಗೆ ತನ್ನ ಕೆಲಸ ಯಾವುದು ಎಂದು ಗೊತ್ತಾಗುವುದು ಕೆಲವೊಮ್ಮೆ ಐವತ್ತು ದಾಟಿದ ಮೇಲೆ. ಇವನಿಗೆ ಹಾಗೇ ಆಯಿತು. ಗಣಿಯಿಂದ ಹೊರಹಾಕಿದ ಕಲ್ಲುಮಣ್ಣಿನ ದಿಣ್ಣೆಗಳ ಇಳಿಜಾರಿಗೆ ತೆಂಗಿನ ನಾರಿನ ಬಲೆ ಹಾಸಿಸಿದ. ಬಲೆಯ ಕಣ್ಣುಗಳಲ್ಲಿ ಹುಲ್ಲಿನ ಬೀಜ ಚೆಲ್ಲಿಸಿದ. ಹೊಂಗೆ, ಬೇವು, ಕಮರ, ತಪಸಿ ಎಂದು ಸಾವಿರಗಟ್ಟಲೆ ಸಸಿ ನೆಡಿಸಿ, ಟ್ಯಾಂಕರ್ ಬಾರದ ದಿನ ಕೊಡದಲ್ಲಿ ನೀರು ಹೊತ್ತು ಹಾಕಿದ. "ಹಾಸಿಗೇನೂ ಅಲ್ಲೇ ಹಾಸ್ಕೊಳಿ, ಗುಡ್ಡಕ್ಕೆ ಹೊದಿಸಿ ಮಿಕ್ಕಿದ್ದ ಬಲೆ ಇರ್ತದಲ್ಲ," ಎಂದು ಹೆಂಡತಿ ಲಕ್ಷ್ಮೀದೇವಮ್ಮ ರೇಗಿಸುತ್ತಿದ್ದಳು. ಅವನು ನಾಚಿಕೊಳ್ಳುತ್ತಿದ್ದ, ಮತ್ತೆ ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತುತ್ತಿದ್ದ.

ದಿಣ್ಣೆಯ ಬುಡದಲ್ಲಿ ಒಂದು ದೊಡ್ಡ ಹೂಳುಗುಂಡಿ ಇತ್ತು. ಮಳೆಗೆ ದಿಣ್ಣೆಯಿಂದ ಇಳಿಯುವ ಅದಿರಿನ ಕೆಸರು ಹೊಲಕ್ಕೂ ಕೆರೆಗೂ ಹೋಗದೆ ಅಲ್ಲೇ ತಂಗಲಿ ಎಂದು ತೋಡಿದ್ದು. ಬೇಸಿಗೆಯಲ್ಲಿ ತಳದ ಹೂಳನ್ನೆತ್ತಿ ಗುಡ್ಡದ ನೆತ್ತಿಯ ಹಳೇ ಗಣಿಹೊಂಡಕ್ಕೆ ಸುರಿದು ಮುಚ್ಚಬೇಕು ಎನ್ನುವುದು ಷರತ್ತಿನಲ್ಲಿ ಬರೆದ ಮಾತು. ಏಕೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅವನೂ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಗುಂಡಿ ತುಂಬಿತ್ತು. ಎರಡು ಟಿಪ್ಪರ್‌ಗಳಲ್ಲಿ ಒಂದು ಕೆಟ್ಟು ನಿಂತಿತ್ತು. ಇತ್ತ ಊರಿನ ಕೆರೆ ಎರಡು ವರ್ಷ ಸತತವಾಗಿ ಕೋಡಿ ಬಿದ್ದು, ನೀರು ಬತ್ತದೆ, ಯಾರಿಗೂ ಗೋಡು ಸಿಕ್ಕಿರಲಿಲ್ಲ. ಮಾರನಕಟ್ಟೆಯ ತಿಪ್ಪಯ್ಯ ಹತ್ತು ಜನರನ್ನು ಕಟ್ಟಿಕೊಂಡು ಗೇಟಿಗೆ ಬಂದ. "ಅಷ್ಟೆತ್ತರ ಹೊತ್ತು ಹಾಕೋ ಬದ್ಲು ನಮ್ ತೋಟಕ್ಕೆ ಕೊಡಿ ನರಸಿಂಹಣ್ಣ. ಬೆಣ್ಣೆ ಅಂಗೆ ಕೂತೈತೆ," ಎಂದ. ಬಸವಪ್ರಭುವಿಗೆ ಫೋನ್ ಮಾಡಿದರೆ, "ಮಳೆ ಬರೋದ್ರೊಳ್ಗೆ ಗುಂಡಿ ಖಾಲಿ ಆಗ್ಬೇಕು, ಹೆಂಗಾದ್ರೂ ಮಾಡ್ಕೊಳಪ್ಪ," ಎಂದು ಕೈ ತೊಳೆದುಕೊಂಡ.

ಲಕ್ಷ್ಮೀನರಸಿಂಹಯ್ಯ ಮನೆಗೆ ಹೋಗಿ ಅಪ್ಪನ ಕೋಲು ತಂದ. ಗುಂಡಿಯ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಹನ್ನೆರಡು ದಿನ, ಇಪ್ಪತ್ಮೂರು ಮನೆ, ಸಾಲುಗಟ್ಟಿ ಟ್ರ್ಯಾಕ್ಟರ್‌ಗಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ ಎಂದು ಹಂಚಿದ. ಅಷ್ಟು ಸಂತೋಷವನ್ನು ಅವನು ಮದುವೆಯಲ್ಲೂ ಪಟ್ಟಿರಲಿಲ್ಲ. ಹೆಚ್ಚು ಕಮ್ಮಿ ಮಾಡಿದ್ದು ಒಂದೇ ಕಡೆ: ಮೊದಲ ನಲವತ್ತು ಲೋಡು ಮಾರನಕಟ್ಟೆಯ ಅಕ್ಕ ಹನುಮಂತಮ್ಮನ ತೋಟಕ್ಕೆ ಹೋಯಿತು. ಗಂಡ ನೆಟ್ಟು ಹೋದ ಅರವತ್ತೆರಡು ಮರಗಳನ್ನು ಒಬ್ಬಳೇ ಸಾಕಿಕೊಂಡು ಬಂದವಳು ಅವಳು. "ಈ ಸಲ ಗೌರಿ ಹಬ್ಬದ ಬಾಗಿನ ಮೂರ್ ತಿಂಗ್ಳು ಮುಂಚೇನೆ ಬಂತಲ್ಲಾ," ಎಂದು ಅವಳು ನಕ್ಕು, ಮೊದಲ ಟ್ರ್ಯಾಕ್ಟರಿನ ಮಣ್ಣಿಗೆ ಅರಿಶಿನ ಕುಂಕುಮ ಹಾಕಿದಳು. ಆಳು ಹಿಡಿದು ಒಂದೊಂದು ಮರದ ಪಾತಿಗೂ ಅರ್ಧ ಅಡಿ ತುಂಬಿಸಿದಳು.

ಕೊನೆಗೆ ಕೆಟ್ಟಿದ್ದ ಟಿಪ್ಪರ್ ರಿಪೇರಿಯಾಗಿ ಬಂತು. ನಾಲ್ಕು ಲೋಡು ಹೂಳನ್ನು ನೆತ್ತಿಯ ಹೊಂಡಕ್ಕೆ ಸುರಿಸಿ ಫೋಟೋ ತೆಗೆಸಿದ ಬಸವಪ್ರಭು ರಿಜಿಸ್ಟರನ್ನು ಮುಂದೆ ಹಿಡಿದ. 'ಪೂರ್ತಿ ಹೂಳನ್ನು ನಿಗದಿತ ಜಾಗಕ್ಕೆ ಸಾಗಿಸಲಾಗಿದೆ' ಎಂದಿತ್ತು. ಜನಕ್ಕೆ ಉಪಕಾರ ಆಗಿದೆಯಲ್ಲ, ಬರೆದಿದ್ದರಲ್ಲಿ ಏನಿದೆ ಎಂದು ಲಕ್ಷ್ಮೀನರಸಿಂಹಯ್ಯ ಸಹಿ ಹಾಕಿದ.

ಕೆರೆಯ ಗೋಡಿನಲ್ಲಿ ಎಲೆ ಕೊಳೆತಿರುತ್ತದೆ, ಸಗಣಿ ಇರುತ್ತದೆ, ಜೀವ ಇರುತ್ತದೆ. ಹೂಳುಗುಂಡಿಯದು ಅರೆದ ಕಲ್ಲು. ನುಣುಪು ನೋಡಿ ಮೋಸ ಹೋದರು. ಮೊದಲ ವರ್ಷ ಹುಲ್ಲು ಹುಟ್ಟಲಿಲ್ಲ, ಕಳೆ ಕೀಳುವ ಕೆಲಸ ಉಳಿಯಿತು ಎಂದು ಹೊಗಳಿದರು. ಎರಡನೆಯ ವರ್ಷ ಪಾತಿಗೆ ಬಿಟ್ಟ ನೀರು ಸಂಜೆಯಾದರೂ ಇಂಗದೆ ಸಾಣೆಕಲ್ಲಿನ ಮೇಲೆ ನಿಂತ ಹಾಗೆ ನಿಂತಿತು. ತಿಪ್ಪಯ್ಯ ಬುದ್ಧಿವಂತ, ತನ್ನ ಪಾಲಿನ ಹದಿನೆಂಟು ಲೋಡನ್ನೂ ಕೆರೆಸಿ ತೆಗೆದು ದಾರಿಯ ಗುಂಡಿಗಳಿಗೆ ತುಂಬಿಸಿದ. ಉಳಿದವರಿಗೂ ಹೇಳಿದ. ಅವನಿಗೆ ಮಾತು ಜಾಸ್ತಿ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ವರ್ಷ ಗರಿ ಹಳದಿಗಟ್ಟಿತು, ಎಳೆಗಾಯಿಯ ಹರಳು ಉದುರತೊಡಗಿತು. ನುಸಿ ಎಂದರು, ಕಣ್ಣೆಸರು ಎಂದರು, ಬೇವಿನ ಹಿಂಡಿ ಹಾಕಿದರು.

ಲಕ್ಷ್ಮೀನರಸಿಂಹಯ್ಯನಿಗೆ ಗೊತ್ತಾಗಿದ್ದು ಗುಡ್ಡದ ಮೇಲೆ. ಹೋದ ವರ್ಷ ದಿಣ್ಣೆಯ ಒಂದು ಮಗ್ಗುಲಿನ ನೂರು ಸಸಿಗಳ ಗುಂಡಿಗೆ ಅದೇ ಹೂಳನ್ನು ತುಂಬಿಸಿದ್ದ. ನೂರರಲ್ಲಿ ಎಂಬತ್ತು ಸತ್ತವು. ಒಂದನ್ನು ಕಿತ್ತು ನೋಡಿದರೆ ಬೇರು ಸುತ್ತಲಿನ ಹೂಳಿಗೆ ಚಾಚಿಯೇ ಇರಲಿಲ್ಲ, ನೆಟ್ಟ ದಿನ ಇದ್ದಷ್ಟೇ ಮುದ್ದೆಯಾಗಿ ಕೊಳೆತಿತ್ತು. ಅವನ ಕಣ್ಣ ಮುಂದೆ ಬಂದದ್ದು ಸಸಿಯಲ್ಲ, ಅಕ್ಕನ ತೋಟ. ಆ ದಿನ ಅವನು ಮನೆಯಲ್ಲಿ ಊಟ ಮಾಡಲಿಲ್ಲ. ಆದರೆ ಬಾಯಿ ಬಿಡಲೂ ಇಲ್ಲ. ಇರಲಿಕ್ಕಿಲ್ಲ, ಬೇರೆ ಏನೋ ಇರಬೇಕು ಎಂದು ಒಂದು ವರ್ಷ ತನಗೆ ತಾನೇ ಸುಳ್ಳು ಹೇಳಿಕೊಂಡು, ಕೊನೆಗೊಂದು ದಿನ ಅಕ್ಕ ಸಂತೆಗೆ ಹೋಗಿದ್ದಾಗ ಅವಳ ತೋಟದಿಂದ ಕೈಚೀಲದಲ್ಲಿ ಮಣ್ಣು ತುಂಬಿಕೊಂಡು ಬಂದ. ಸ್ವಂತ ಅಕ್ಕನ ತೋಟಕ್ಕೆ ಕಳ್ಳನಾಗಿ ಹೋದ ತಮ್ಮ ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ತುಮಕೂರಿನ ಕುಣಿಗಲ್ ರಸ್ತೆಯ ಒಂದು ಮಹಡಿಯಲ್ಲಿ ಮೈತ್ರೇಯಿಯ ಆಫೀಸು. ಗಣಿಯವರು ಷರತ್ತುಗಳನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ಆರು ತಿಂಗಳಿಗೊಮ್ಮೆ ವರದಿ ಬರೆಯುವ ಹುಡುಗಿ ಅವಳು. ಗುಡ್ಡಕ್ಕೆ ಬಂದಾಗಲೆಲ್ಲ ಲಕ್ಷ್ಮೀನರಸಿಂಹಯ್ಯನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ತಿಂದು ಹೋಗುತ್ತಿದ್ದವಳು.

"ಇದು ಎಲ್ಲಿಯ ಮಣ್ಣು ನರಸಿಂಹಯ್ಯ ಅವ್ರೇ?"

"ನಮ್ಮನೆ ಹಿತ್ತಲದ್ದು ಮೇಡಮ್ಮು. ನುಗ್ಗೆಗಿಡ ಏಳ್ತಾ ಇಲ್ಲ, ಅದಕ್ಕೆ."

ಹತ್ತು ದಿನದ ಮೇಲೆ ಅವಳೇ ಗುಡ್ಡಕ್ಕೆ ಬಂದಳು. ಗೇಟಿನಲ್ಲಿ ಕಾರು ನಿಲ್ಲಿಸಿ, ಅವನೊಬ್ಬನನ್ನೇ ಹೊಂಗೆಸಾಲಿಗೆ ಕರೆದುಕೊಂಡು ಹೋದಳು.

"ಅದು ಹಿತ್ತಲ ಮಣ್ಣಲ್ಲ," ಎಂದಳು. "ನಿಮ್ಮ ಹೂಳುಗುಂಡಿಯ ಮಣ್ಣು ಎಷ್ಟೋ ಸಲ ಟೆಸ್ಟ್ ಮಾಡಿಸಿದೀನಿ. ಅದೇ ಕಬ್ಬಿಣ, ಅದೇ ಮ್ಯಾಂಗನೀಸು. ನೀರು ಇಳಿಯಲ್ಲ, ಬೇರಿಗೆ ಗಾಳಿ ಹೋಗಲ್ಲ. ಯಾರ ತೋಟದ್ದು, ಹೇಳಿ."

ಅವನು ಹೇಳಿದ. ಒಬ್ಬರದಲ್ಲ, ಇಪ್ಪತ್ಮೂರು ಮನೆಯದನ್ನೂ ಹೇಳಿದ. ಮೈತ್ರೇಯಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

"ಮೇಲಿನ ಹೊಂಡಕ್ಕೆ ಹಾಕಿದಾರೆ ಅಂತ ನಾಲ್ಕು ವರ್ಷದಿಂದ ನಾನೇ ಬರೀತಾ ಇದೀನಿ. ಫೋಟೋ ನೋಡಿ ನಂಬಿದೆ. ಹತ್ತಿ ಹೋಗಿ ನೋಡ್ಲಿಲ್ಲ. ತಪ್ಪು ನಂದೂ ಇದೆ." ಆಮೇಲೆ ಹೇಳಿದಳು: "ಗುರುವಾರ ಸರ್ಕಾರದ ಸಮಿತಿಯವರು ಬರ್ತಿದಾರೆ. ಇದು ಕೊನೇ ತಪಾಸಣೆ. ಅವತ್ತು ಒಪ್ಪಿಗೆ ಸಿಕ್ಕಿಬಿಟ್ರೆ ಕಂಪನಿಗೂ ಈ ಊರಿಗೂ ಸಂಬಂಧ ಮುಗೀತು. ಆಮೇಲೆ ಆ ಮಣ್ಣನ್ನ ಎತ್ತಿ ಅಂತ ಯಾರನ್ನ ಕೇಳೋದು? ಅದಕ್ಕಿಂತ ಮುಂಚೆ ಗೊತ್ತಾದ್ರೆ ಕಂಪನಿಯವ್ರೇ ಎತ್ತಿಸ್ಬೇಕು. ನಾನು ಬರೀತೀನಿ. ಆದ್ರೆ ಬರೀ ಒಂದು ಚೀಲ ಮಣ್ಣು ಇಟ್ಕೊಂಡು ಬರೆದ್ರೆ ಕಂಪನಿಯವರು ಒಪ್ಪಲ್ಲ. ಕೊಟ್ಟವರು ನೀವು. ನೀವು ಹೇಳ್ಬೇಕು."

"ಹೇಳಿದ್ರೆ ನನ್ ಗತಿ?"

"ಕೆಲಸ ಹೋಗಬಹುದು," ಎಂದಳು ಮೈತ್ರೇಯಿ. ಸುಳ್ಳು ಸಮಾಧಾನ ಹೇಳುವ ಜಾಯಮಾನ ಅವಳದಲ್ಲ.

ಈ ಮಾತು ಗಾಳಿಯಲ್ಲಿ ಹೋಯಿತೋ ಏನೋ, ಮಾರನೆಯ ದಿನವೇ ಬಸವಪ್ರಭು ಕರೆಸಿದ. ಕಾಫಿ ತರಿಸಿದ. ಹದಿನೆಂಟು ವರ್ಷದಲ್ಲಿ ಅವನು ಕಾಫಿ ತರಿಸಿದ್ದು ಅದೇ ಮೊದಲು. "ನೋಡಪ್ಪ ನರಸಿಂಹಯ್ಯ, ಸಹಿ ನಿಂದು, ನಂದಲ್ಲ. ಗುರುವಾರ ಒಂದು ದಾಟಿದ್ರೆ ಗುಡ್ಡದ ಉಸ್ತುವಾರಿ ಅರಣ್ಯ ಇಲಾಖೆಗೆ ಹೋಗ್ತದೆ. ವಾಚರ್ ಕೆಲಸಕ್ಕೆ ನಿನ್ ಹೆಸ್ರೇ ಹೇಳಿದೀನಿ. ನೀನ್ ನೆಟ್ಟ ಗಿಡ ನೀನೇ ನೋಡ್ಕೊಂಡಿರು. ಸುಮ್ನಿರೋರಿಗೆ ಸುಖ," ಎಂದ. ಕೆಟ್ಟ ಮನುಷ್ಯನೇನಲ್ಲ ಬಸವಪ್ರಭು. ಕೆಟ್ಟವನಾಗಿದ್ದರೆ ಎದುರು ನಿಲ್ಲುವುದು ಸುಲಭವಾಗುತ್ತಿತ್ತು.

ಬುಧವಾರ ಲಕ್ಷ್ಮೀನರಸಿಂಹಯ್ಯ ಮಾರನಕಟ್ಟೆಗೆ ಹೊರಟ. ಯಾರಿಗೆ ಹೇಳಲಿ ಬಿಡಲಿ, ಮೊದಲು ಅಕ್ಕನಿಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹನುಮಂತಮ್ಮ ತೋಟದಲ್ಲಿದ್ದಳು. ಉದುರಿದ ಹರಳುಗಳನ್ನು ಮಂಕರಿಗೆ ಆಯ್ದು ತುಂಬುತ್ತಿದ್ದಳು. ಬಾವಿಯ ಪಕ್ಕದ ಆರು ಮರಗಳ ಸುಳಿ ಒಣಗಿ ಓಲಾಡುತ್ತಿತ್ತು.

"ಏನ್ಲಾ ನರಸಿಂಹ, ಕೆಲ್ಸದ ದಿನ ಬಂದಿದೀಯ? ಮೈ ಸರಿಗೈತೇನ್ಲಾ?" ಎಂದು ಹಣೆ ಮುಟ್ಟಿ ನೋಡಿದಳು. ಗುಡಿಸಲಿಗೆ ಕರೆದು ಮಜ್ಜಿಗೆ ಕೊಟ್ಟಳು.

"ಅಕ್ಕ, ಈ ಮರಗಳು..."

"ನನ್ ಹಣೇಬರ ಕಣ್ಲಾ, ಬುಡು. ಗಂಗಾಧರ ಹೇಳ್ತವ್ನೆ, ಮಣ್ಣು ಪರೀಕ್ಷೆ ಮಾಡ್ಸಾನ ಅಂತ." ಗಂಗಾಧರ ಅವಳ ಮಗ, ದಿನಾ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿ ಬರುವವನು. "ನಾನೇ ಬ್ಯಾಡ ಅಂದೆ. ತಮ್ಮ ಕೊಟ್ಟ ಗೋಡ್ನ ಪರೀಕ್ಷೆಗೆ ಕಳ್ಸಿದ್ರೆ ಅವ್ನ ಮುಖಕ್ಕೆ ಹೊಡ್ದಂಗಲ್ವಾ? ಆ ತಿಪ್ಪಯ್ಯಂಗೂ ಅದೇ ಅಂದೆ. 'ನಿನ್ ತಮ್ಮ ಕೊಟ್ಟಿದ್ದು ಗೋಡಲ್ಲಕ್ಕ, ಗಣಿ ಕಸ' ಅಂದ. ನಮ್ಮಪ್ಪ ಎರಡೂರಿಗೆ ಗೋಡು ಹಂಚಿದೋನು, ಅವ್ನ ಮಗಂಗೆ ಗೋಡು ಯಾವ್ದು ಕಸ ಯಾವ್ದು ಗೊತ್ತಿಲ್ವಾ ಅಂತ ಉಗ್ದು ಕಳ್ಸಿದೆ. ಒಂದೂವರೆ ವರ್ಷ ಆಯ್ತು, ಅವ್ನ ಮನೆ ಬಾಗ್ಲು ತುಳ್ದಿಲ್ಲ. ಅವ್ನ ಮಗಳ ಮದ್ವೆಗೂ ಹೋಗ್ಲಿಲ್ಲ."

ಈ ಮಾತನ್ನು ಅವಳು ಹೇಳುತ್ತಿದ್ದುದು ಇದೇ ಮೊದಲಲ್ಲ. ದೀಪಾವಳಿಗೆ ಹೇಳಿದ್ದಳು, ಯುಗಾದಿಗೆ ಹೇಳಿದ್ದಳು. ಅವನು ಹೋಳಿಗೆ ತಿನ್ನುತ್ತಾ ಕೇಳಿಸಿಕೊಂಡಿದ್ದ. ಇವತ್ತು ಮಾತ್ರ ಅವನ ಎದೆ ಕಿತ್ತು ಬಂತು. ಹೇಳಬೇಕೆಂದು ಜೋಡಿಸಿಕೊಂಡು ಬಂದ ಮಾತು ಮಜ್ಜಿಗೆಯ ಜೊತೆ ಗಂಟಲಿನಲ್ಲಿ ಇಳಿದು ಹೋಯಿತು. ಲೋಟ ಕೆಳಗಿಟ್ಟು, "ಬರ್ತೀನಕ್ಕ," ಎಂದು ಎದ್ದು ಬಂದ.

ಗುರುವಾರ ಸಮಿತಿಯವರು ಬಂದರು. ಮೂರು ಜನ, ಎರಡು ಜೀಪು. ನಾರಿನ ಬಲೆಯೊಳಗಿಂದ ಎದ್ದ ಹುಲ್ಲನ್ನು ನೋಡಿದರು, ಆಳೆತ್ತರ ಬೆಳೆದ ಹೊಂಗೆಗಳನ್ನು ನೋಡಿದರು, ಕಟ್ಟೆಗಳ ಮೇಲೆ ನಡೆದರು. ಅವರಲ್ಲಿ ಹಿರಿಯ ಅಧಿಕಾರಿಯೊಬ್ಬರು ಹತ್ತಾರು ಗಣಿಗಳನ್ನು ನೋಡಿ ಬೇಸತ್ತವರು, ಹೊಗಳುವುದೇ ಅಪರೂಪ. ಅವರು ಒಂದು ತಪಸಿ ಗಿಡದ ಕೆಳಗೆ ನಿಂತು ನೆರಳಿಗೆ ಮುಖವೊಡ್ಡಿ, "ಯಾರು ಬೆಳೆಸಿದ್ದು ಇದೆಲ್ಲ?" ಎಂದರು. ಬಸವಪ್ರಭು ಲಕ್ಷ್ಮೀನರಸಿಂಹಯ್ಯನನ್ನು ಮುಂದೆ ತಳ್ಳಿದ.

"ಒಳ್ಳೇ ನಿಯತ್ತಿನ ಕೆಲಸ ಮಾಡಿದ್ದೀರಿ," ಎಂದರು ಅಧಿಕಾರಿ. ರಿಜಿಸ್ಟರ್ ತಿರುವಿ ಹಾಕುತ್ತಾ ಒಂದು ಪುಟದಲ್ಲಿ ಬೆರಳಿಟ್ಟರು. "ಹೂಳೆಲ್ಲ ಮೇಲಿನ ಹೊಂಡದಲ್ಲೇ ಇದೆಯಾ? ಈ ಸಹಿ ನಿಮ್ಮದೇ ತಾನೇ?"

ಮೈತ್ರೇಯಿ ಅವನನ್ನೇ ನೋಡುತ್ತಿದ್ದಳು. ಬಸವಪ್ರಭು ಆಕಾಶ ನೋಡುತ್ತಿದ್ದ. ಆ ನಿಯತ್ತು ಎಂಬ ಒಂದು ಮಾತು ಬರದೇ ಹೋಗಿದ್ದರೆ ಅವನು ಬಹುಶಃ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ.

"ಸಹಿ ನಂದೇ ಸ್ವಾಮಿ," ಎಂದ. "ಮಣ್ಣು ಅಲ್ಲಿಲ್ಲ."

"ಮತ್ತೆಲ್ಲಿದೆ?"

ಲಕ್ಷ್ಮೀನರಸಿಂಹಯ್ಯ ಕಣ್ಣು ಮುಚ್ಚಿಕೊಂಡ. ಅಪ್ಪ ಏರಿಯ ಮೇಲೆ ಕೂತು ಒಪ್ಪಿಸುತ್ತಿದ್ದ ಹಾಗೇ ಒಪ್ಪಿಸತೊಡಗಿದ. "ಮಾರನಕಟ್ಟೆ ಹನುಮಂತಮ್ಮ, ನಲವತ್ತು ಲೋಡು. ಮಾರನಕಟ್ಟೆ ತಿಪ್ಪಯ್ಯ, ಹದಿನೆಂಟು, ಅವ್ನು ತೆಗ್ದು ದಾರಿಗೆ ಹಾಕವ್ನೆ. ನಮ್ಮೂರ ಮೇಗಲಮನೆ, ಹದಿನೆಂಟು..." ಇಪ್ಪತ್ಮೂರು ಮನೆಯನ್ನೂ ಒಂದು ತಪ್ಪದೆ ಹೇಳಿ ಮುಗಿಸಿದ. ಮೈತ್ರೇಯಿ ಒಂದೊಂದನ್ನೂ ಬರೆದುಕೊಂಡಳು. ಒಪ್ಪಿಗೆಯ ಕಾಗದ ಜೀಪಿನಲ್ಲಿ ಬಂದ ಹಾಗೇ ಜೀಪಿನಲ್ಲಿ ವಾಪಸ್ ಹೋಯಿತು.

ಒಳ್ಳೆಯ ಕೆಲಸ ಮಾಡಿದವನಿಗೆ ಹಾರ ಹಾಕುತ್ತಾರೆ ಎಂದುಕೊಂಡವರು ನಮ್ಮ ಊರುಗಳನ್ನು ನೋಡಿಲ್ಲ. ಸುಳ್ಳು ದಾಖಲೆ ಬರೆದ ಎಂದು ಕಂಪನಿ ಮಾರನೆಯ ವಾರವೇ ಅವನನ್ನು ಕೆಲಸದಿಂದ ತೆಗೆಯಿತು. ವಿಷ ಹಂಚಿದ ಎಂದು ಊರು ಬೈಯಿತು. ಮೈತ್ರೇಯಿಗೂ ಆಫೀಸಿನಿಂದ ಮೆಮೊ ಬಂತಂತೆ. ಆದರೆ ಸಮಿತಿ ಬಿಡಲಿಲ್ಲ. ಮಳೆಗಾಲದೊಳಗೆ ಇಪ್ಪತ್ಮೂರು ತೋಟಗಳ ಮಣ್ಣನ್ನೂ ಎತ್ತಿ ಹೊಂಡಕ್ಕೆ ಹಾಕಬೇಕು, ಅಲ್ಲಿಯವರೆಗೆ ಒಪ್ಪಿಗೆಯಿಲ್ಲ ಎಂದು ಕಂಪನಿಗೆ ಬರೆಯಿತು. ಮಣ್ಣೆತ್ತಲು ತೋಟದವರ ಸಹಿ ಬೇಕಿತ್ತು. ಇಪ್ಪತ್ತೆರಡು ಮನೆಯವರು ಬೈಯುತ್ತಲೇ ಸಹಿ ಹಾಕಿದರು. ಹನುಮಂತಮ್ಮ ಮಾತ್ರ, ಯಾರೋ ಹೊಟ್ಟೆಕಿಚ್ಚಿಗೆ ಎಬ್ಬಿಸಿದ ಮಾತು, ತವರಿನ ಮಣ್ಣು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ತೋಟಕ್ಕೆ ಬಂದವರನ್ನು ಓಡಿಸಿದಳು. "ಅವ್ವ, ಹೇಳಿದ್ದು ಮಾವನೇ ಕಣವ್ವ," ಎಂದು ಗಂಗಾಧರ ಬಿಡಿಸಿ ಹೇಳಬೇಕಾಯಿತು.

ಅವತ್ತೇ ಅವಳು ನಡೆದುಕೊಂಡು ಪಾಳ್ಯಕ್ಕೆ ಬಂದಳು. ಲಕ್ಷ್ಮೀದೇವಮ್ಮ ನೀರು ಕೊಟ್ಟರೆ ಮುಟ್ಟಲಿಲ್ಲ. ಜಗಲಿಯ ಕೆಳಗೇ ನಿಂತಳು.

"ಯಾವಾಗಿಂದ ಗೊತ್ತಿತ್ತು?"

"ಹೋದ್ ವರ್ಷದಿಂದ ಅಕ್ಕ."

"ನಾನು ತಿಪ್ಪಯ್ಯನ ಬೈತಿದ್ದಾಗ ನೀನು ನನ್ನೆದುರು ಕೂತು ಹೋಳಿಗೆ ತಿಂತಿದ್ದೆ."

ಅವನು ಜಗಲಿಯಿಂದ ಇಳಿದು ಅವಳ ಎದುರು ನಿಂತ.

"ಮಣ್ಣು ಕೆಟ್ಟಿದ್ದಕ್ಕೆ ನಾನ್ ಏನೂ ಅನ್ನಲ್ಲ. ನಮ್ಮಪ್ಪ ಇದ್ದಿದ್ರೂ ಅದನ್ನ ಗೋಡು ಅಂತ್ಲೇ ಹಂಚ್ತಿದ್ದ. ಸಾಹೇಬ್ರಿಗೆ ಹೇಳೋಕೆ ಬಾಯಿ ಬಂತು ನಿಂಗೆ. ಹಿಂದಿನ ದಿನ ನನ್ ಮಜ್ಜಿಗೆ ಕುಡ್ದು, ನಂಗೆ ಹೇಳ್ದೆ ಎದ್ದು ಹೋದೆಯಲ್ಲಾ." ಅವಳು ಅಳಲಿಲ್ಲ, ಕೂಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದ ದಾರಿಯಲ್ಲೇ ಹೋದಳು. ಮಾರನೆಯ ದಿನ ಸಹಿ ಹಾಕಿದಳು. ಸಂಜೆ ತಿಪ್ಪಯ್ಯನ ಮನೆಗೆ ಹೋಗಿ, ಮದುವೆಯಾದ ಹುಡುಗಿಗೆ ಒಂದು ಸೀರೆ ಇಟ್ಟು ಬಂದಳು.

ಮಾಘಮಾಸದಲ್ಲಿ ಮಣ್ಣೆತ್ತುವ ಕೆಲಸ ನಡೆಯಿತು. ಬೇರಿಗೆ ಪೆಟ್ಟಾಗದಿರಲಿ ಎಂದು ಜೆಸಿಬಿ ಬಿಡಲಿಲ್ಲ, ಗುದ್ದಲಿ ಬಾಂಡ್ಲಿಯಲ್ಲೇ ತೆಗೆಸಿದರು. ಕೂಲಿಯವರ ಜೊತೆ ಲಕ್ಷ್ಮೀನರಸಿಂಹಯ್ಯನೂ ಗುದ್ದಲಿ ಹಿಡಿದ. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಹನುಮಂತಮ್ಮನ ಅರವತ್ತೆರಡರಲ್ಲಿ ಹನ್ನೊಂದು ಮರ ಹೋದವು. ಉಳಿದವು ಬದುಕುತ್ತವೆಯೋ ಇಲ್ಲವೋ ಹೇಳಲು ಇನ್ನೂ ಎರಡು ಮಳೆಗಾಲ ಕಾಯಬೇಕು.

ಆ ಬೇಸಿಗೆ ಕೆರೆ ಬತ್ತಿತು. ಬರಿದಾದ ಪಾತಿಗಳಿಗೆ ನಿಜವಾದ ಗೋಡು ಬೇಕಿತ್ತು. ಎರಡೂ ಊರಿನವರು ಟ್ರ್ಯಾಕ್ಟರ್ ತಂದು ಕೆರೆಯಂಗಳಕ್ಕೆ ಇಳಿದರು. ಏರಿಯ ಮೇಲಿನ ಹೊಂಗೆಮರದ ಕೆಳಗೆ ಕೂರಲು ಲಕ್ಷ್ಮೀನರಸಿಂಹಯ್ಯನನ್ನು ಯಾರೂ ಕರೆಯಲಿಲ್ಲ. ಕೋಲನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ. ಒಂದು ಪಕ್ಕಕ್ಕೆ ನಿಂತು ನೋಡುತ್ತಿದ್ದ.

ಹನುಮಂತಮ್ಮ ಕೆರೆಯ ನಡುವಿಂದ ಒಂದು ಹಿಡಿ ಮಣ್ಣು ತೆಗೆದಳು. ಕೈಯಲ್ಲಿ ಹಿಡಿದು ಏರಿ ಹತ್ತಿ ಬಂದಳು. ಲಕ್ಷ್ಮೀನರಸಿಂಹಯ್ಯ ಎರಡು ಹೆಜ್ಜೆ ಮುಂದೆ ಬಂದ. ಅವಳು ಅವನನ್ನು ದಾಟಿ ಆಚೆ ನಿಂತಿದ್ದ ತಿಪ್ಪಯ್ಯನ ಹತ್ತಿರ ಹೋದಳು.

"ತಿಪ್ಪಯ್ಯಣ್ಣ, ನೀನ್ ನೋಡು. ಹಾಕ್ಬೋದಾ?"

ತಿಪ್ಪಯ್ಯ ಮಣ್ಣಿಗೆ ನೀರು ಹನಿಸಿ ಹಿಸುಕಿದ, ಮೂಸಿದ, ಬಿಸಿಲಿಗೆ ಹಿಡಿದು ನೋಡಿದ. ಲಕ್ಷ್ಮೀನರಸಿಂಹಯ್ಯನಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಕಪ್ಪಗೆ, ಜಿಗುಟಾಗಿ, ಎಲೆಯ ಚೂರು ಬೆರೆತ ಅಸಲಿ ಗೋಡು. "ಚಿನ್ನದಂಥ ಗೋಡಕ್ಕ, ಹಾಕು," ಎಂದ ತಿಪ್ಪಯ್ಯ.

ಲೋಡು ಮಾಡಲು ಹೇಳಿ, ಕೈ ತೊಳೆದುಕೊಂಡು, ಬುತ್ತಿಯ ಗಂಟು ಹಿಡಿದು ಅವಳು ತಮ್ಮನಿದ್ದಲ್ಲಿಗೆ ಬಂದಳು.

"ಉಂಡಾ?"

"ಇಲ್ಲಕ್ಕ."

"ಬಾ, ಕೂತ್ಕೊ."

ಹೊಂಗೆಯ ನೆರಳಿನಲ್ಲಿ ಇಬ್ಬರೂ ಕೂತರು. ಮುದ್ದೆಗಳಲ್ಲಿ ದೊಡ್ಡದನ್ನು ಅವನ ತಟ್ಟೆಗೆ ಹಾಕಿದಳು, ಸೊಪ್ಪಿನ ಸಾರು ಬಿಟ್ಟಳು. ಕೆಳಗೆ ಅವಳ ಟ್ರ್ಯಾಕ್ಟರಿಗೆ ಮಣ್ಣು ತುಂಬುತ್ತಿತ್ತು. ಎರಡು ತುತ್ತು ನುಂಗಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಒಳ್ಳೇ ಗೋಡು ಅಕ್ಕ ಅದು," ಎಂದ.

"ತಿಪ್ಪಯ್ಯಣ್ಣ ನೋಡಿ ಹೇಳವ್ನೆ," ಎಂದಳು ಹನುಮಂತಮ್ಮ. ಅವನ ತಟ್ಟೆಗೆ ಇನ್ನೊಂದಿಷ್ಟು ಸಾರು ಬಿಟ್ಟಳು.